ಹಾರಿಸಿದ ಮೇಲೆ ತಿದ್ದಿಕೊಳ್ಳಬಹುದೇ?

ಸಣ್ಣ ಉಪಗ್ರಹಗಳ ಮಾತು ಬಂದಲ್ಲೆಲ್ಲ ಒಂದು ನಂಬಿಕೆಯೂ ಬೆನ್ನಿಗೇ ಬರುತ್ತದೆ. ದೊಡ್ಡ ಉಪಗ್ರಹವಾದರೆ ವರ್ಷಗಟ್ಟಲೆ ತಯಾರಿ ಬೇಕು, ಪ್ರತಿಯೊಂದು ತಿರುಪನ್ನೂ ಪರೀಕ್ಷಿಸಬೇಕು. ಇರುವುದು ಒಂದೇ, ಅದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಸಣ್ಣವುಗಳ ಪುಂಜಕ್ಕೆ ಅಷ್ಟೆಲ್ಲ ಮುಂದಾಲೋಚನೆ ಬೇಕಿಲ್ಲ. ಕಡಿಮೆ ಖರ್ಚಿನಲ್ಲಿ ಹತ್ತಾರು ಮಾಡಿ, ಹಾರಿಸಿ, ಮೇಲೆ ಏನಾಗುತ್ತದೆಂದು ನೋಡಿ, ತಪ್ಪಿದ್ದನ್ನು ತಿದ್ದಿಕೊಂಡು ಮುಂದಿನ ಕಂತು ಕಳಿಸಿದರಾಯಿತು. ಯೋಜನೆ ಹಳೆಯ ಕಾಲದ ಭಾರ, ಹೊಂದಿಕೊಳ್ಳುವುದು ಹೊಸ ಕಾಲದ ಜಾಣ್ಮೆ. ಎಂಜಿನಿಯರಿಂಗ್ ಕಾಲೇಜುಗಳ ವಿಚಾರಗೋಷ್ಠಿಗಳಲ್ಲೂ ನವೋದ್ಯಮಗಳಿಗೆ ಹಣ ಹೂಡುವವರ ಮಾತಿನಲ್ಲೂ ಈ ವಾದ ಈಗ ಎಷ್ಟು ಬೇರೂರಿದೆಯೆಂದರೆ, ಅದನ್ನು ಯಾರೂ ವಾದವೆಂದೇ ಎಣಿಸುವುದಿಲ್ಲ.

ಅದನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇಲ್ಲ, ಹಿಂದೆ ನಿಜವಾದ ಅನುಭವವಿದೆ. 1999ರಲ್ಲಿ ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್ ಮತ್ತು ಕ್ಯಾಲ್ ಪಾಲಿಯ ಜೋರ್ಡಿ ಪುಯಿಗ್-ಸುವಾರಿ, ಹತ್ತು ಸೆಂಟಿಮೀಟರ್ ಉದ್ದಗಲ ಎತ್ತರದ 'ಕ್ಯೂಬ್‌ಸ್ಯಾಟ್' ಎಂಬ ಅಳತೆಯನ್ನು ರೂಪಿಸಿದರು. ವಿದ್ಯಾರ್ಥಿಗಳು ತಮ್ಮ ಓದು ಮುಗಿಯುವುದರೊಳಗೆ ಒಂದು ಉಪಗ್ರಹ ಕಟ್ಟುವಂತಾಗಲಿ ಎಂಬುದು ಅವರ ಆಸೆ. ಅಂಥ ಮೂರು ಘನಗಳನ್ನು ಸಾಲಾಗಿ ಇಟ್ಟಷ್ಟು ಉದ್ದದ, ಐದು ಕಿಲೋ ಆಸುಪಾಸು ತೂಗುವ 'ಡವ್' ಉಪಗ್ರಹಗಳನ್ನೇ ನಂಬಿ ಅಮೆರಿಕದ ಪ್ಲಾನೆಟ್ ಕಂಪನಿ ಒಂದು ವ್ಯವಹಾರ ಕಟ್ಟಿತು. 2014ರ ಅಕ್ಟೋಬರ್ 28ರಂದು ವರ್ಜೀನಿಯಾದ ಕರಾವಳಿಯಲ್ಲಿ ಆಂಟಾರೆಸ್ ರಾಕೆಟ್ ಮೇಲೇಳುತ್ತಲೇ ಸಿಡಿದಾಗ ಅದರಲ್ಲಿದ್ದ 26 ಡವ್‌ಗಳು ಬೂದಿಯಾದವು. ಮರುವರ್ಷ ಜೂನ್‌ನಲ್ಲಿ ಫಾಲ್ಕನ್-9 ಆಕಾಶದಲ್ಲೇ ಒಡೆದು ಇನ್ನೆಂಟು ಹೋದವು. ಒಂದೇ ದೊಡ್ಡ ಉಪಗ್ರಹವನ್ನು ನಂಬಿದ ಕಂಪನಿಯಾಗಿದ್ದರೆ ಮೊದಲ ಏಟಿಗೇ ಬಾಗಿಲು ಮುಚ್ಚುತ್ತಿತ್ತು. ಪ್ಲಾನೆಟ್ ಮುಚ್ಚಲಿಲ್ಲ. 2017ರ ಫೆಬ್ರುವರಿ 15ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ37 ಹೊತ್ತೊಯ್ದ 104 ಉಪಗ್ರಹಗಳಲ್ಲಿ 88 ಅದರವೇ ಆಗಿದ್ದವು. ಭೂಮಿಯ ನೆಲವನ್ನೆಲ್ಲ ದಿನಕ್ಕೊಮ್ಮೆ ಚಿತ್ರಿಸುವ ಗುರಿಯನ್ನು ಅದು ಅದೇ ವರ್ಷ ಮುಟ್ಟಿತು. ಇಂಥ ಚರಿತ್ರೆ ಕಣ್ಣೆದುರಿಗಿರುವಾಗ, ಮೊದಲು ಹಾರಿಸು ಆಮೇಲೆ ತಿದ್ದು ಎನ್ನುವವರಿಗೆ ಆಧಾರವಿಲ್ಲವೆಂದರೆ ಅನ್ಯಾಯವಾದೀತು.

ಆದರೆ ಈ ಚರಿತ್ರೆಯಿಂದ ಅವರು ತೆಗೆಯುವ ತೀರ್ಮಾನ ತಪ್ಪು. ಯೋಜನೆ ಮತ್ತು ಹೊಂದಾಣಿಕೆ ತಕ್ಕಡಿಯ ಎರಡು ತಟ್ಟೆಗಳು, ಒಂದು ಇಳಿದರೆ ಇನ್ನೊಂದು ಏರುತ್ತದೆ ಎಂದು ಅವರು ಭಾವಿಸುತ್ತಾರೆ. ಉಪಗ್ರಹ ಪುಂಜಗಳ ವಿಷಯದಲ್ಲಿ ಆಗಿರುವುದು ಇದಕ್ಕೆ ವಿರುದ್ಧ. ಮೇಲೆ ಹೋದಮೇಲೆ ಬದಲಾಯಿಸಲು ಸಾಧ್ಯವಾದ ಒಂದೊಂದು ಸಂಗತಿಯೂ ನೆಲದ ಮೇಲಿದ್ದಾಗಲೇ ಯಾರೋ ಬೆಲೆ ಕೊಟ್ಟು ಉಳಿಸಿಟ್ಟ ಅವಕಾಶ. ಈ ಜನಪ್ರಿಯ ನಂಬಿಕೆಯೊಳಗೆ ಮೂರು ಊಹೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸಿ ನೋಡಬೇಕು:

1. ಉಪಗ್ರಹಗಳು ಹೆಚ್ಚಿದ್ದಷ್ಟೂ ಭದ್ರತೆ ಹೆಚ್ಚು.
2. ಪುಂಜದ ಜೋಡಣೆಯನ್ನು ಆಕಾಶದಲ್ಲಿಯೂ ಬದಲಾಯಿಸಬಹುದು.
3. ಉಳಿದ ಕೊರತೆಗಳನ್ನೆಲ್ಲ ಸಾಫ್ಟ್‌ವೇರ್ ತುಂಬಿಕೊಡುತ್ತದೆ.

ಮೊದಲನೆಯದು ಕೇಳಲು ಸರಳ ಗಣಿತದಂತಿದೆ. ಆರು ಉಪಗ್ರಹಗಳಲ್ಲಿ ನಾಲ್ಕು ಉಳಿದರೆ ಕೆಲಸ ನಡೆಯುತ್ತದೆ, ಒಂದೊಂದೂ ಉಳಿಯುವ ಸಾಧ್ಯತೆ ನೂರಕ್ಕೆ 90 ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಇಡೀ ಪುಂಜ ಗೆಲ್ಲುವ ಸಾಧ್ಯತೆ ನೂರಕ್ಕೆ 98 ದಾಟುತ್ತದೆ. ಬಿಡಿ ಉಪಗ್ರಹ ಹತ್ತರಲ್ಲೊಮ್ಮೆ ಸೋಲುವಂಥದ್ದು, ಪುಂಜ ಮಾತ್ರ ಐವತ್ತರಲ್ಲೊಮ್ಮೆಯೂ ಸೋಲದಂಥದ್ದು! ಆದರೆ ಈ ಲೆಕ್ಕ ನಿಂತಿರುವುದು ಒಂದರ ಕೇಡು ಇನ್ನೊಂದಕ್ಕೆ ತಾಗುವುದಿಲ್ಲ ಎಂಬ ಷರತ್ತಿನ ಮೇಲೆ. ಒಂದೇ ಕಾರ್ಖಾನೆಯಿಂದ, ಒಂದೇ ನಕ್ಷೆಯಿಂದ, ಒಂದೇ ಮೂಲದ ಬಿಡಿಭಾಗಗಳಿಂದ ಆದ ಉಪಗ್ರಹಗಳು ಒಂದೇ ರಾಕೆಟ್ಟಿನಲ್ಲಿ ಒಂದೇ ಕಕ್ಷೆಗೆ ಹೋದಾಗ ಈ ಷರತ್ತು ಎಲ್ಲಿ ಉಳಿಯುತ್ತದೆ? ಹತ್ತರಲ್ಲೊಮ್ಮೆ ಸೋಲುವ ಒಂದೇ ರಾಕೆಟ್ಟಿಗೆ ಆರನ್ನೂ ಹತ್ತಿಸಿದರೆ, ಉಪಗ್ರಹಗಳು ಚಿನ್ನದಂತಿದ್ದರೂ ಪುಂಜದ ಭರವಸೆ 90ನ್ನು ಮೀರುವುದಿಲ್ಲ. ಅಂಥದೇ ಮೂರು ರಾಕೆಟ್‌ಗಳಲ್ಲಿ ಎರಡೆರಡು ಕಳಿಸಿದರೆ ಅದು 97ಕ್ಕೆ ಏರುತ್ತದೆ. ಉಪಗ್ರಹಗಳ ಸಂಖ್ಯೆ ಬದಲಾಗಿಲ್ಲ, ಬದಲಾದದ್ದು ಅವನ್ನು ಹಂಚಿದ ಬಗೆ. ಆ ಹಂಚಿಕೆ ಖರೀದಿ ಒಪ್ಪಂದಕ್ಕೆ ಸಹಿ ಬೀಳುವ ದಿನ ತೀರ್ಮಾನವಾಗುವಂಥದ್ದು.

ನಾಸಾ ಮತ್ತು ಎಂಐಟಿಯ ಲಿಂಕನ್ ಪ್ರಯೋಗಾಲಯದ ಟ್ರಾಪಿಕ್ಸ್ ಯೋಜನೆಯ ಕತೆ ಈ ಲೆಕ್ಕದಂತೆಯೇ ನಡೆಯಿತು. ಉಷ್ಣವಲಯದ ಚಂಡಮಾರುತಗಳ ಒಳಗಿನ ತಾಪ ಮತ್ತು ತೇವವನ್ನು ಗಂಟೆಗೊಮ್ಮೆ ಅಳೆಯಲು ಆರು ಪುಟ್ಟ ಉಪಗ್ರಹಗಳು, ಎರಡೆರಡರಂತೆ ಮೂರು ಉಡಾವಣೆಗಳು. 2022ರ ಜೂನ್ 12ರಂದು ಆಸ್ಟ್ರಾ ಕಂಪನಿಯ ರಾಕೆಟ್ ವಿಫಲವಾಗಿ ಮೊದಲ ಜೋಡಿ ಕಳೆದುಹೋಯಿತು. ಉಳಿದ ನಾಲ್ಕನ್ನು 2023ರ ಮೇ ತಿಂಗಳಿನಲ್ಲಿ ರಾಕೆಟ್ ಲ್ಯಾಬ್‌ನ ಎರಡು ಎಲೆಕ್ಟ್ರಾನ್ ರಾಕೆಟ್‌ಗಳು ನ್ಯೂಜಿಲೆಂಡಿನ ಮಾಹಿಯಾದಿಂದ ಒಯ್ದವು. ವರ್ಜೀನಿಯಾದಿಂದ ಹಾರಿಸುವುದೆಂದಿದ್ದದ್ದನ್ನು, ಆ ವರ್ಷದ ಚಂಡಮಾರುತದ ಋತು ಕೈತಪ್ಪದಿರಲೆಂದು ಅಲ್ಲಿಗೆ ಬದಲಾಯಿಸಲಾಗಿತ್ತು. ಹೊರಗಿನಿಂದ ನೋಡಿದವರಿಗೆ ಇದು ಸಮಯಸ್ಫೂರ್ತಿ. ಒಳಗೆ ಇದ್ದದ್ದು, ಆರರಲ್ಲಿ ನಾಲ್ಕಿದ್ದರೆ ಸಾಕು ಎಂದು ಮೊದಲೇ ಮಾಡಿಟ್ಟ ಲೆಕ್ಕ ಮತ್ತು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕದ ಎಚ್ಚರ.

ರಾಕೆಟ್ಟಿನ ಹಾಗೆ ಆಕಾಶವೂ ಎಲ್ಲಕ್ಕೂ ಒಂದೇ. 2022ರ ಫೆಬ್ರುವರಿ 3ರಂದು ಸ್ಪೇಸ್ಎಕ್ಸ್ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಭೂಮಿಗೆ ಸುಮಾರು 210 ಕಿಲೋಮೀಟರಿನಷ್ಟು ಹತ್ತಿರ ಬರುವ ಕಕ್ಷೆಯಲ್ಲಿ ಬಿಟ್ಟಿತು. ಅಷ್ಟು ಕೆಳಗೆ ಬಿಡುವುದರಲ್ಲಿ ಒಳ್ಳೆಯ ವಿವೇಕವಿತ್ತು: ಪರೀಕ್ಷೆಯಲ್ಲಿ ಸೋತದ್ದು ಕಸವಾಗಿ ಸುತ್ತದೆ ಬೇಗ ಉರಿದುಹೋಗಲಿ. ಮರುದಿನ ಒಂದು ಸಾಧಾರಣ ಭೂಕಾಂತ ಬಿರುಗಾಳಿ ಎದ್ದಿತು. ಮೇಲಿನ ವಾತಾವರಣ ಕಾದು ಹಿಗ್ಗಿ, ಗಾಳಿಯ ತಡೆ ಹಿಂದಿನ ಉಡಾವಣೆಗಳಲ್ಲಿ ಕಂಡದ್ದಕ್ಕಿಂತ ಶೇಕಡಾ 50ರವರೆಗೆ ಏರಿತು. ಉಪಗ್ರಹಗಳನ್ನು ಕಾಗದದ ಹಾಳೆಯಂತೆ ಅಂಚು ಮುಂದಾಗಿ ಹಾರುವಂತೆ ತಿರುಗಿಸಿದರೂ ಸುಮಾರು 40 ಉಳಿಯಲಿಲ್ಲ. 49 ಎಂಬ ಸಂಖ್ಯೆ ಅಲ್ಲಿ ಯಾವ ರಕ್ಷಣೆಯನ್ನೂ ಕೊಡಲಿಲ್ಲ, ಏಕೆಂದರೆ ಎಲ್ಲವೂ ಒಂದೇ ದಿನ, ಒಂದೇ ಎತ್ತರದಲ್ಲಿ, ಒಂದೇ ಗಾಳಿಗೆ ಸಿಕ್ಕಿದ್ದವು. ಮುಂದಿನ ಕಂತುಗಳನ್ನು ಕಂಪನಿ ಇನ್ನೂ ಎತ್ತರದಲ್ಲಿ ಬಿಡತೊಡಗಿತು. ಆ ಪಾಠ ಮುಂದಿನವುಗಳ ಪಾಲಿಗೆ ಬಂತು, ಆ ನಲವತ್ತರ ಪಾಲಿಗಲ್ಲ.

ಎರಡನೆಯ ಊಹೆಗೆ ಬಂದರೆ ಗೊಂದಲ ಹೆಚ್ಚು ಆಳದ್ದು. ಇದನ್ನು ಬಿಡಿಸಲು ಕಕ್ಷೆಯ ಬಗ್ಗೆ ಒಂದು ಮೂಲ ಸಂಗತಿ ತಿಳಿದಿರಬೇಕು. ಉಪಗ್ರಹ ಸುತ್ತುವ ದಾರಿ ಒಂದು ಸಮತಲದಲ್ಲಿರುತ್ತದೆ. ಭೂಮಿಯ ಕೇಂದ್ರವನ್ನು ಹಾಯ್ದು ಇಟ್ಟ ಒಂದು ತಟ್ಟೆಯಂತೆ. ಆ ತಟ್ಟೆಯ ಅಂಚಿನಲ್ಲಿ ಹಿಂದೆ ಮುಂದೆ ಸರಿಯುವುದು ಸುಲಭ. ತುಸು ಕೆಳಗಿಳಿದರೆ ಸುತ್ತು ಬೇಗ ಮುಗಿದು ಮುಂದೆ ಹೋಗುತ್ತದೆ, ತುಸು ಮೇಲೇರಿದರೆ ಹಿಂದೆ ಬೀಳುತ್ತದೆ. ತಟ್ಟೆಯನ್ನೇ ಓರೆ ಮಾಡುವುದು ಬೇರೆಯೇ ಮಾತು. ಸೆಕೆಂಡಿಗೆ 7.6 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ಉಪಗ್ರಹದ ಕಕ್ಷಾತಲವನ್ನು ಬರೀ ಒಂದು ಡಿಗ್ರಿ ತಿರುಗಿಸಲು ಸೆಕೆಂಡಿಗೆ 130 ಮೀಟರಿಗೂ ಹೆಚ್ಚಿನ ವೇಗದ ಬದಲಾವಣೆ ಬೇಕು. ಅರವತ್ತು ಡಿಗ್ರಿ ತಿರುಗಿಸಲು ಅದರ ಇಡೀ ಓಟದಷ್ಟೇ ವೇಗವನ್ನು ಇನ್ನೊಮ್ಮೆ ಕೊಡಬೇಕು, ಅಂದರೆ ಇನ್ನೊಂದು ರಾಕೆಟ್ಟನ್ನೇ ಮೇಲೆ ಇಟ್ಟಿರಬೇಕು. ಸಣ್ಣ ಉಪಗ್ರಹದ ಹೊಟ್ಟೆಯಲ್ಲಿ ಅಷ್ಟು ಇಂಧನಕ್ಕೆ ಜಾಗವಿಲ್ಲ. ಹೀಗಾಗಿ ಎಷ್ಟು ಕಕ್ಷಾತಲಗಳು, ಯಾವ ಓರೆಯಲ್ಲಿ ಎಂಬುದು ಹಾರಿಸಿದ ಮೇಲೆ ತಿದ್ದುವ ವಿಷಯವಾಗಿ ಉಳಿಯುವುದಿಲ್ಲ.

ಒಂದು ಹಿಂಬಾಗಿಲು ಇದೆ, ಅದರ ಕೀಲಿಯೂ ಯೋಜಕರ ಕೈಯಲ್ಲೇ ಇದೆ. ಭೂಮಿ ಪೂರ್ತಿ ಗುಂಡಗಿಲ್ಲ, ನಡುವಿನಲ್ಲಿ ಉಬ್ಬಿದೆ. ಆ ಉಬ್ಬಿನ ಎಳೆತದಿಂದ ಕಕ್ಷಾತಲಗಳು ಬುಗುರಿಯ ತಲೆಯಂತೆ ನಿಧಾನವಾಗಿ ತಿರುಗುತ್ತವೆ, ಕೆಳಗಿರುವವು ಬೇಗ, ಮೇಲಿರುವವು ನಿಧಾನ. 2006ರ ಏಪ್ರಿಲ್‌ನಲ್ಲಿ ತೈವಾನ್ ಮತ್ತು ಅಮೆರಿಕ ಸೇರಿ ಹಾರಿಸಿದ ಫೊರ್ಮೊಸ್ಯಾಟ್-3 ಅಥವಾ ಕಾಸ್ಮಿಕ್ ಎಂಬ ಆರು ಉಪಗ್ರಹಗಳ ಪುಂಜ ಈ ಉಪಾಯವನ್ನು ಬಹಳ ಸೊಗಸಾಗಿ ಬಳಸಿತು. ಜಿಪಿಎಸ್ ಸಂಕೇತಗಳು ವಾತಾವರಣವನ್ನು ಹಾಯುವಾಗ ಬಾಗುವ ಪರಿಯಿಂದ ತಾಪವನ್ನೂ ತೇವವನ್ನೂ ಅರಿಯುವುದು ಅದರ ಕೆಲಸ. ಆರನ್ನೂ ಒಂದೇ ರಾಕೆಟ್ 500 ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಬಿಟ್ಟಿತು. ಒಂದೊಂದನ್ನೇ ಬಿಡುವು ಕೊಟ್ಟು 800 ಕಿಲೋಮೀಟರಿಗೆ ಏರಿಸುತ್ತ ಹೋದರು. ಮೊದಲು ಏರಿದ್ದು ನಿಧಾನವಾಗಿ, ಕೆಳಗೆ ಕಾಯುತ್ತಿದ್ದವು ಬೇಗ ತಿರುಗಿ, ಕೊನೆಗೆ 30 ಡಿಗ್ರಿ ಅಂತರದ ಆರು ಬೇರೆ ಬೇರೆ ತಲಗಳು ಆದವು. ಇದಕ್ಕೆ ಹಿಡಿದದ್ದು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ. ಕಾಯುವ ತಿಂಗಳುಗಳನ್ನೂ ತಂಡ ಹಾಳುಮಾಡಲಿಲ್ಲ. ಉಪಗ್ರಹಗಳು ಇನ್ನೂ ಅಕ್ಕಪಕ್ಕ ಇದ್ದಾಗ ಅವು ಒಂದೇ ಗಾಳಿಯನ್ನು ಅಳೆದು ಕೊಟ್ಟ ಅಂಕಿಗಳನ್ನು ಹೋಲಿಸಿ, ಅಳತೆ ಎಷ್ಟು ನಂಬುವಂಥದ್ದು ಎಂಬುದನ್ನು ಒರೆಗೆ ಹಚ್ಚಿತು. ಮೂರನೆಯ ಉಪಗ್ರಹದ ಸೌರಫಲಕ ತಿರುಗಿಸುವ ಯಂತ್ರ ಸಿಕ್ಕಿಹಾಕಿಕೊಂಡು ಅದು 711 ಕಿಲೋಮೀಟರಿನಲ್ಲೇ ನಿಲ್ಲಬೇಕಾಯಿತು. ಉಳಿದ ಐದು ನಕ್ಷೆಯಂತೆ ಹರಡಿಕೊಂಡವು.

ಇಲ್ಲಿ ಎರಡು ಬಲವಾದ ಆಕ್ಷೇಪಗಳು ಎದುರಾಗುತ್ತವೆ. ಒಂದು, ಪ್ಲಾನೆಟ್‌ನ ಡವ್‌ಗಳಲ್ಲಿ ಇಂಧನವೂ ಇರಲಿಲ್ಲ, ಇಷ್ಟೆಲ್ಲ ಲೆಕ್ಕವೂ ಇರಲಿಲ್ಲ, ಆದರೂ ಅವು ಗೆದ್ದವಲ್ಲ? ಇನ್ನೊಂದು, ಸ್ಟಾರ್‌ಲಿಂಕ್ ತನ್ನ ಇಡೀ ನಕ್ಷೆಯನ್ನೇ ನಡುದಾರಿಯಲ್ಲಿ ಬದಲಾಯಿಸಿತಲ್ಲ? ಎರಡೂ ನಿಜವಾದ ಸಂಗತಿಗಳೇ. ಆದರೆ ಬಗೆದು ನೋಡಿದಾಗ ಎರಡೂ ಈ ಲೇಖನದ ಪರವಾಗಿಯೇ ಸಾಕ್ಷಿ ಹೇಳುತ್ತವೆ. ಪಿಎಸ್‌ಎಲ್‌ವಿ-ಸಿ37 ಒಯ್ದ ಡವ್‌ಗಳೆಲ್ಲ ಒಂದೇ ತಲದಲ್ಲಿ, ಒಂದರ ಹಿಂದೊಂದು ಮಣಿಸರದಂತೆ ಸಾಗುವಂಥವು. ಕೆಳಗೆ ಭೂಮಿ ತಾನೇ ತಿರುಗುತ್ತದೆ, ಸರ ತನ್ನ ಪಾಡಿಗೆ ಅದನ್ನು ಪಟ್ಟಿಪಟ್ಟಿಯಾಗಿ ಚಿತ್ರಿಸುತ್ತದೆ. ಸರದಲ್ಲಿ ಒಂದು ಮಣಿ ಉದುರಿದರೆ ಆ ದಿನ ಒಂದು ಪಟ್ಟಿ ತಪ್ಪುತ್ತದೆ ಅಷ್ಟೇ. ಅದೇ ಕಕ್ಷೆಗೆ ಹೋಗುವ ಯಾವ ರಾಕೆಟ್ಟಿನಲ್ಲಾದರೂ ಹೊಸ ಮಣಿ ಕಳಿಸಬಹುದು. ಮಣಿಗಳ ನಡುವಿನ ಅಂತರ ಸರಿಪಡಿಸಲು ಇಂಧನ ಬೇಕಾಗಲಿಲ್ಲ. ಉಪಗ್ರಹವನ್ನು ತಿರುಗಿಸಿ ಅಗಲವಾದ ಫಲಕವನ್ನು ಗಾಳಿಗೆ ಒಡ್ಡಿದರೆ ಅದು ತುಸು ಇಳಿದು ಮುಂದೋಡುತ್ತದೆ, ಅಂಚನ್ನು ಒಡ್ಡಿದರೆ ಹಿಂದುಳಿಯುತ್ತದೆ. ಅಷ್ಟು ತೆಳುವಾದ ಗಾಳಿಯನ್ನೇ ಚುಕ್ಕಾಣಿ ಮಾಡಿಕೊಂಡರು. ಅಂದರೆ ತಪ್ಪನ್ನು ಕ್ಷಮಿಸುವ ಒಂದು ಜೋಡಣೆಯನ್ನು ಅವರು ಮೊದಲೇ ಆರಿಸಿಕೊಂಡಿದ್ದರು. ಇದು ಆ ಯೋಜನೆಯಲ್ಲಿ ಎಲ್ಲಕ್ಕಿಂತ ದೊಡ್ಡ ನಿರ್ಧಾರ. ಕಣ್ಣಿಗೆ ಬೀಳದಿರುವುದರಿಂದ ಯೋಜನೆಯೇ ಇರಲಿಲ್ಲವೆಂದು ತೋರುತ್ತದೆ. ಆರು ಬೇರೆ ತಲಗಳು ಬೇಕಾದ ಕಾಸ್ಮಿಕ್‌ನಂಥ ಕೆಲಸಕ್ಕೆ ಈ ದಾರಿಯನ್ನು ಎರವಲು ತರಲಾಗದು.

ಸ್ಟಾರ್‌ಲಿಂಕ್ ಕತೆ ಇನ್ನೂ ಸ್ಪಷ್ಟ. ಅದರ ಮೊದಲ ಕವಚಕ್ಕೆ, ಅಂದರೆ ಒಂದೇ ಎತ್ತರದ ಪದರಕ್ಕೆ, 24 ತಲಗಳು, ತಲಕ್ಕೆ 66ರಂತೆ 1,584 ಉಪಗ್ರಹಗಳೆಂದು ನಕ್ಷೆಯಾಗಿತ್ತು. 2019ರಲ್ಲಿ ಕಂಪನಿ ಅದನ್ನು 72 ತಲಗಳಿಗೆ ಹರಡಿ, ತಲಕ್ಕೆ 22ರಂತೆ ಮಾಡಿಕೊಂಡಿತು. ಒಟ್ಟು ಸಂಖ್ಯೆ ಅಷ್ಟೇ, ಆದರೆ ಕಡಿಮೆ ಉಡಾವಣೆಗಳಲ್ಲೇ ಹೆಚ್ಚು ನೆಲಕ್ಕೆ ಸೇವೆ ಶುರು ಮಾಡಬಹುದಿತ್ತು. ಒಂದು ಉಡಾವಣೆಯ 60 ಉಪಗ್ರಹಗಳನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ನೇರ ಮೇಲೇರಿಸಿ, ಉಳಿದೆರಡನ್ನು ಕೆಳಗೇ ಕಾಯಿಸಿ, ಭೂಮಿಯ ಉಬ್ಬು ತಲಗಳನ್ನು ಬೇರ್ಪಡಿಸಿದ ಮೇಲೆ ಏರಿಸುವುದು ಅದರ ಕ್ರಮ. 53 ಡಿಗ್ರಿ ಓರೆಯಲ್ಲಿ 550 ಮತ್ತು 350 ಕಿಲೋಮೀಟರ್ ಎತ್ತರಗಳ ನಡುವೆ ತಲಗಳು ದಿನಕ್ಕೆ ಸುಮಾರು ಅರ್ಧ ಡಿಗ್ರಿಯಷ್ಟು ದೂರ ಸರಿಯುತ್ತವೆ, ಹಾಗಾಗಿ ಇದು ವಾರಗಳ ಲೆಕ್ಕದಲ್ಲಿ ಆಗುವ ಕೆಲಸ. ಆದರೆ ಈ ಬದಲಾವಣೆಗೆ ಏನೇನು ಬೇಕಾಯಿತೆಂದು ಪಟ್ಟಿ ಮಾಡಿ ನೋಡಿ: ಪ್ರತಿ ಉಪಗ್ರಹದಲ್ಲಿ ಕ್ರಿಪ್ಟಾನ್ ಅನಿಲದಿಂದ ನಡೆಯುವ ವಿದ್ಯುತ್ ಥ್ರಸ್ಟರ್, ತನ್ನದೇ ರಾಕೆಟ್, ತನಗೆ ಬೇಕಾದ ಎತ್ತರದಲ್ಲಿ ಬಿಡಿಸಿಕೊಳ್ಳುವ ಸ್ವಾತಂತ್ರ್ಯ, ಮತ್ತು ಅಮೆರಿಕದ ಸಂಪರ್ಕ ಆಯೋಗದ ಹೊಸ ಅನುಮತಿ. ಇನ್ನೊಬ್ಬರ ರಾಕೆಟ್ಟಿನ ಮೂಲೆಯಲ್ಲಿ ಜಾಗ ಹಿಡಿದು, ಇಂಧನವಿಲ್ಲದೆ ಹೊರಡುವ ಎಂಟು ಹತ್ತು ಕಿಲೋದ ಉಪಗ್ರಹಕ್ಕೆ ಇವುಗಳಲ್ಲಿ ಒಂದೂ ಇರುವುದಿಲ್ಲ. ಹೋದ ದಾರಿಯೇ ಅದರ ದಾರಿ.

ಮೂರನೆಯ ಊಹೆಯಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಸಂತೋಷದಿಂದಲೇ ಒಪ್ಪಬೇಕು. 2000ದ ನವೆಂಬರ್‌ನಲ್ಲಿ ಹೊರಟ ನಾಸಾದ ಇಒ-1 ಒಂದು ವರ್ಷದ ಪ್ರಯೋಗಕ್ಕೆಂದು ಮಾಡಿದ ಉಪಗ್ರಹ. ಅದು 2017ರವರೆಗೆ ದುಡಿಯಿತು. ಹಾರಿ ಮೂರು ವರ್ಷಗಳಾದ ಮೇಲೆ ಅದಕ್ಕೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ತಂಡ ಒಂದು ಹೊಸ ಸಾಫ್ಟ್‌ವೇರ್ ಕಳಿಸಿತು. ತಾನು ತೆಗೆದ ಚಿತ್ರವನ್ನು ತಾನೇ ನೋಡಿ, ಮೋಡ ಕವಿದಿದ್ದರೆ ಬಿಟ್ಟು, ಜ್ವಾಲಾಮುಖಿ ಕಾಯುತ್ತಿದ್ದರೆ ಮುಂದಿನ ಸುತ್ತಿನ ಕೆಲಸವನ್ನು ತಾನೇ ಮರುಹೊಂದಿಸಿಕೊಳ್ಳುವುದನ್ನು ಅದು ಕಲಿತಿತು. ನೆಲದ ಅಪ್ಪಣೆಗೆ ಕಾಯದೆ ತನ್ನ ದಿನಚರಿ ತಾನೇ ಬರೆದುಕೊಳ್ಳುವ ಉಪಗ್ರಹ ಅಂದಿಗೆ ಅಚ್ಚರಿಯ ಸಂಗತಿ. ಆದರೆ ಆ ಸಾಫ್ಟ್‌ವೇರ್ ಓಡಿದ್ದು ಎಲ್ಲಿ? ಉಪಗ್ರಹದಲ್ಲಿ ಎರಡು ಪ್ರೊಸೆಸರ್‌ಗಳಿದ್ದವು. ಚಿತ್ರ ಶೇಖರಿಸುವ ಭಾಗಕ್ಕೆ ಸೇರಿದ್ದರಲ್ಲಿ ಬಿಡುವಿತ್ತು. ತೂಕ ಉಳಿಸಲೆಂದು ಅದನ್ನು ಕಿತ್ತು ಹಾಕಿದ್ದರೆ 2003ರ ಜಾಣತನಕ್ಕೆ ಮನೆಯೇ ಇರುತ್ತಿರಲಿಲ್ಲ.

ಪುಂಜಗಳಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗ್‌ನೆಸ್. ಮಿಶಿಗನ್ ವಿಶ್ವವಿದ್ಯಾಲಯದ ಕ್ರಿಸ್ ರಫ್ ಮುನ್ನಡೆಸುವ ಈ ಯೋಜನೆಯ ಎಂಟು ಉಪಗ್ರಹಗಳು 2016ರ ಡಿಸೆಂಬರ್ 15ರಂದು ಹೊರಟವು. ಕಡಲ ಮೇಲೆ ಬಿದ್ದು ಪುಟಿಯುವ ಜಿಪಿಎಸ್ ಸಂಕೇತಗಳನ್ನು ಹಿಡಿದು, ಅಲೆಯ ಒರಟುತನದಿಂದ ಚಂಡಮಾರುತದ ಗಾಳಿಯ ವೇಗವನ್ನು ಅವು ಅಳೆಯುತ್ತವೆ. ಅವು ಹೊರಟ ಹೊಸತರಲ್ಲೇ ಹಲವು ಜಿಪಿಎಸ್ ಉಪಗ್ರಹಗಳು ತಮ್ಮ ಸಂಕೇತದ ಬಲವನ್ನು ಕೆಲವು ಪ್ರದೇಶಗಳ ಮೇಲೆ ಹೆಚ್ಚು ಕಡಿಮೆ ಮಾಡತೊಡಗಿದವು. ದೀಪವೇ ಮಿಣುಕುತ್ತಿದ್ದರೆ ಕನ್ನಡಿಯ ಹೊಳಪನ್ನು ಅಳೆಯುವುದು ಹೇಗೆ? ತಂಡ ಮೇಲ್ಮುಖದ ಆಂಟೆನಾದಿಂದ ನೇರ ಬರುವ ಸಂಕೇತವನ್ನೂ ಜತೆಜತೆಗೆ ಅಳೆದು, ಬಲದ ಏರಿಳಿತವನ್ನು ಲೆಕ್ಕದಿಂದ ಕಳೆಯುವ ಕ್ರಮ ಹುಡುಕಿತು. ಮೇಲ್ಮುಖದ ಆಂಟೆನಾ ಇಲ್ಲದಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಹುಟ್ಟಿಸುತ್ತಿರಲಿಲ್ಲ. ಅದೇ ಪುಂಜ ಮುಂದೆ ನೆಲದ ತೇವವನ್ನೂ, ದಟ್ಟ ಕಾಡಿನ ಅಡಿಯಲ್ಲಿ ನಿಂತ ನೆರೆನೀರನ್ನೂ ತೋರಿಸಿಕೊಟ್ಟಿತು. ಕಡಲಿಗೆಂದು ಮಾಡಿದ ಉಪಕರಣ ನೆಲಕ್ಕೂ ದುಡಿದದ್ದು ಮೂಲ ಗುರಿಯ ಆಚೆಗಿನ ಫಲ. ಯೋಜನೆಯ ಪರವಾಗಿ ವಾದಿಸುವವರು ಇದನ್ನು ಮರೆಮಾಚಬಾರದು. ಮುಂದೆ ಏನು ಕೇಳಬೇಕಾಗುತ್ತದೆಂಬುದು ಯಾವ ಯೋಜಕರಿಗೂ ಪೂರ್ತಿ ತಿಳಿದಿರುವುದಿಲ್ಲ. ತಿಳಿಯದ ಪ್ರಶ್ನೆಗೆ ಉತ್ತರವನ್ನು ಯೋಜಿಸಲಾಗದು, ಆದರೆ ಅದು ಬಂದಾಗ ಬಳಸಲು ಒಂದಿಷ್ಟು ಜಾಗ, ಒಂದಿಷ್ಟು ವಿದ್ಯುತ್ತು, ಕಚ್ಚಾ ದತ್ತಾಂಶ ಕಳಿಸುವಷ್ಟು ದಾರಿ ಉಳಿಸಿಡಬಹುದು.

ದಾರಿ ಎಂದಾಗ ನೆಲದ ಮಾತೂ ಬರುತ್ತದೆ. ಪುಂಜಗಳ ಚರ್ಚೆಯಲ್ಲಿ ಇದು ಯಾವಾಗಲೂ ಕೊನೆಗೆ ನೆನಪಾಗುವ ವಿಷಯ. 500 ಕಿಲೋಮೀಟರ್ ಎತ್ತರದ ಉಪಗ್ರಹ ದಿನಕ್ಕೆ ಸುಮಾರು 15 ಸುತ್ತು ಹಾಕುತ್ತದೆ. ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಸಮೂಹದ ಗ್ರೌಂಡ್ ಸ್ಟೇಷನ್‌ಗೆ ಧ್ರುವಕಕ್ಷೆಯ ಉಪಗ್ರಹ ಬಹುತೇಕ ಪ್ರತಿ ಸುತ್ತಿನಲ್ಲೂ ಕಾಣುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಇಸ್ರೊದ ಇಸ್ಟ್ರಾಕ್ ಇರುವ 13 ಡಿಗ್ರಿ ಅಕ್ಷಾಂಶದಿಂದ ನೋಡಿದರೆ ಅದೇ ಉಪಗ್ರಹ ಹಗಲು ಒಂದೆರಡು ಬಾರಿ, ರಾತ್ರಿ ಒಂದೆರಡು ಬಾರಿ ಮಾತ್ರ ಸಿಗುತ್ತದೆ, ಸಿಕ್ಕಾಗಲೂ ಹತ್ತು ನಿಮಿಷದೊಳಗೆ ಮರೆಯಾಗುತ್ತದೆ. ಒಂದು ಉಪಗ್ರಹಕ್ಕೆ ಇಷ್ಟು ಸಾಕಾಗಬಹುದು. ಒಂದೇ ತಲದ ಮಣಿಸರದಂತೆ ಹನ್ನೆರಡು ಬಂದರೆ ಅವು ಒಂದೇ ಆಂಟೆನಾಕ್ಕಾಗಿ ಸಾಲು ನಿಲ್ಲುತ್ತವೆ. ಪ್ರವಾಹ ಬಂದ ಊರಿನ ಚಿತ್ರ ತೆಗೆಯಿರಿ ಎಂಬ ತುರ್ತು ಅಪ್ಪಣೆ ಮೇಲೆ ತಲುಪಬೇಕು, ತೆಗೆದ ಚಿತ್ರ ಕೆಳಗಿಳಿಯಬೇಕು. ಎರಡಕ್ಕೂ ಕಾಯುವ ಹೊತ್ತು ಉಪಗ್ರಹಗಳ ಸಂಖ್ಯೆಗಿಂತ ಗ್ರೌಂಡ್ ಸ್ಟೇಷನ್‌ಗಳ ಜಾಗವನ್ನು ಅವಲಂಬಿಸಿರುತ್ತದೆ. ಹೊಂದಿಕೊಳ್ಳುವ ವೇಗವನ್ನು ಹೆಚ್ಚಿಸಬೇಕೆನ್ನುವವರು ಇನ್ನೆರಡು ಉಪಗ್ರಹಕ್ಕೆ ಹಣ ಕೇಳುವ ಮೊದಲು ಇನ್ನೊಂದು ಆಂಟೆನಾಕ್ಕೆ ಕೇಳುವುದು ಒಳ್ಳೆಯದು.

ಕಾಗದಪತ್ರಗಳ ಮಾತನ್ನು ಇಲ್ಲಿ ಬೇಗ ಮುಗಿಸಬಹುದು. ಆವರ್ತನಾಂಕದ ಪರವಾನಗಿಯಲ್ಲಿ ಕಕ್ಷೆಯ ಎತ್ತರ, ಓರೆ, ಸಂಖ್ಯೆ ಎಲ್ಲವೂ ನಮೂದಾಗಿರುತ್ತವೆ. ಆಕಾಶದಲ್ಲಿ ಬದಲಾಯಿಸಲು ಸಾಧ್ಯವಾದದ್ದನ್ನೂ ಕಾಗದ ತಡೆಯಬಲ್ಲದು. 2018ರ ಜನವರಿಯಲ್ಲಿ ಸ್ವಾರ್ಮ್ ಎಂಬ ಅಮೆರಿಕನ್ ಕಂಪನಿ ಅನುಮತಿ ಸಿಗದ ನಾಲ್ಕು ಪುಟಾಣಿ ಉಪಗ್ರಹಗಳನ್ನು ಪಿಎಸ್‌ಎಲ್‌ವಿ-ಸಿ40ರಲ್ಲಿ ಹಾರಿಸಿ, ಆ ವರ್ಷದ ಕೊನೆಗೆ 9 ಲಕ್ಷ ಡಾಲರ್ ದಂಡ ತೆತ್ತಿತು. ರೇಡಾರ್ ಹಿಂಬಾಲಿಸಲಾಗದಷ್ಟು ಸಣ್ಣವು ಅವು ಎಂಬುದೇ ಅಮೆರಿಕದ ಸಂಪರ್ಕ ಆಯೋಗದ ಮುಖ್ಯ ಆತಂಕವಾಗಿತ್ತು.

ಇನ್ನು ಎದುರು ದಿಕ್ಕಿನಿಂದ ಬರುವ ಆಕ್ಷೇಪ ಈ ಎಲ್ಲಕ್ಕಿಂತ ಗಂಭೀರವಾದದ್ದು. ಅತಿಯಾದ ಯೋಜನೆಯೇ ಪುಂಜಗಳನ್ನು ಕೊಂದಿಲ್ಲವೇ? ಉಪಗ್ರಹ ಫೋನ್ ಸೇವೆಗೆಂದು ಕಟ್ಟಿದ ಇರಿಡಿಯಂ ಹೆಸರನ್ನು ಯಾರೂ ಮರೆಯುವಂತಿಲ್ಲ. ಮೊಟೊರೊಲಾ ಕಂಪನಿ 77 ಉಪಗ್ರಹಗಳನ್ನು ಲೆಕ್ಕ ಹಾಕಿ, 77 ಪರಮಾಣು ಸಂಖ್ಯೆಯ ಮೂಲವಸ್ತುವಿನ ಹೆಸರಿಟ್ಟಿತು. ಮುಂದೆ ಸಂಖ್ಯೆ 66ಕ್ಕೆ ಇಳಿಯಿತು, ಹೆಸರು ಉಳಿಯಿತು. 1980ರ ದಶಕದ ಕೊನೆಯಲ್ಲಿ ಎಣಿಸಿದ ಗ್ರಾಹಕರನ್ನು ನಂಬಿ 1998ರ ನವೆಂಬರ್‌ನಲ್ಲಿ ಸೇವೆ ಶುರುವಾಗುವ ಹೊತ್ತಿಗೆ ನೆಲದ ಮೊಬೈಲ್ ಫೋನುಗಳು ಊರೂರಿಗೆ ಬಂದಿದ್ದವು. 1999ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು 500 ಕೋಟಿ ಡಾಲರ್ ಸುರಿದು ಕಟ್ಟಿದ ವ್ಯವಸ್ಥೆ ಎರಡೂವರೆ ಕೋಟಿ ಡಾಲರಿಗೆ ಮಾರಾಟವಾಯಿತು. ಆದರೆ ಇರಿಡಿಯಂ ಬಿದ್ದದ್ದು ವಿವರವಾಗಿ ಯೋಜಿಸಿದ್ದಕ್ಕಲ್ಲ. ಅದರ ಯೋಜನೆ ಒಂದೇ ಭವಿಷ್ಯಕ್ಕೆ ಹೊಲಿದ ಅಂಗಿಯಾಗಿತ್ತು; ಪುಂಜ ಹೆಚ್ಚುಕಡಿಮೆ ಪೂರ್ತಿಯಾಗುವವರೆಗೆ ಒಂದು ರೂಪಾಯಿಯೂ ಹುಟ್ಟದಂಥ ಜೋಡಣೆಯಾಗಿತ್ತು. ಎಂಐಟಿಯ ಒಲಿವಿಯೆ ಡಿ ವೆಕ್, ರಿಚರ್ಡ್ ಡಿ ನ್ಯೂಫ್‌ವಿಲ್ ಮತ್ತು ಮ್ಯಾಥ್ಯೂ ಶೇಜ್ 2004ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಸಣ್ಣ ಪುಂಜದಿಂದ ಶುರುಮಾಡಿ, ಬೇಡಿಕೆ ಬಂದರೆ ಮಾತ್ರ ಇದ್ದವನ್ನೇ ಸರಿಸಿ ಹೊಸವನ್ನು ಸೇರಿಸುವ ಹಂತಹಂತದ ಕ್ರಮ ಒಟ್ಟು ಖರ್ಚಿನ ನಿರೀಕ್ಷೆಯನ್ನು ಇಳಿಸುತ್ತದೆಂದು ತೋರಿಸಿದರು. ಹಾಗೆ ಸರಿಸಲು ಮೊದಲ ಕಂತಿನ ಉಪಗ್ರಹಗಳಲ್ಲೇ ಹೆಚ್ಚುವರಿ ಇಂಧನ ತುಂಬಿರಬೇಕು. ಆ ಇಂಧನ ಬಳಕೆಯಾಗದೆಯೂ ಹೋಗಬಹುದು. ಬಳಸದೆ ಉಳಿಯಬಹುದಾದ ವಸ್ತುವಿಗೆ ಹಣ ಕೊಡಿ ಎಂದು ಲೆಕ್ಕಪತ್ರದವರನ್ನು ಒಪ್ಪಿಸುವುದು ಕಷ್ಟ, ಮತ್ತು ಪುಂಜದ ಹೊಂದಾಣಿಕೆಯ ಗುಣ ಕಳೆದುಹೋಗುವುದು ಸಾಮಾನ್ಯವಾಗಿ ಆ ಮೇಜಿನ ಮುಂದೆಯೇ.

ಭಾರತ ಹತ್ತಿರದಿಂದ ಕಂಡ ಉದಾಹರಣೆ ಉಪಗ್ರಹ ಇಂಟರ್ನೆಟ್ ಕಂಪನಿ ಒನ್‌ವೆಬ್‌ನದು. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಕಾರಣ ರಷ್ಯದ ಸೊಯುಜ್ ಉಡಾವಣೆಗಳು ನಿಂತು, 36 ಉಪಗ್ರಹಗಳು ಬೈಕನೂರಿನಲ್ಲೇ ಸಿಕ್ಕಿಬಿದ್ದವು. ತಿಂಗಳೊಪ್ಪತ್ತಿನಲ್ಲಿ ಸ್ಪೇಸ್ಎಕ್ಸ್ ಜತೆಗೂ ಇಸ್ರೊದ ವಾಣಿಜ್ಯ ಅಂಗವಾದ ನ್ಯೂಸ್ಪೇಸ್ ಇಂಡಿಯಾ ಜತೆಗೂ ಒಪ್ಪಂದವಾಯಿತು. 2022ರ ಅಕ್ಟೋಬರ್ 23 ಮತ್ತು 2023ರ ಮಾರ್ಚ್ 26ರಂದು ಎಲ್‌ವಿಎಂ-3 ರಾಕೆಟ್‌ಗಳು 36ರಂತೆ 72 ಉಪಗ್ರಹಗಳನ್ನು ಒಯ್ದವು. ಮೊದಲ ಬಾರಿ 601 ಕಿಲೋಮೀಟರಿನಲ್ಲಿ, ಎರಡನೆಯ ಬಾರಿ 450 ಕಿಲೋಮೀಟರಿನಲ್ಲಿ ಬಿಟ್ಟರೂ ಅವುಗಳ ಗುರಿ ಒಂದೇ, 1,200 ಕಿಲೋಮೀಟರ್. ಉಳಿದ ಏರನ್ನು ತಮ್ಮದೇ ವಿದ್ಯುತ್ ಥ್ರಸ್ಟರ್‌ಗಳಿಂದ ಏರಬೇಕು. ಒಂದು ದೇಶದ ರಾಕೆಟ್ ತಪ್ಪಿದಾಗ ಇನ್ನೊಂದು ದೇಶದ್ದನ್ನು ಏರಲು ಆದದ್ದು ಉಪಗ್ರಹಗಳಿಗೆ ಆ ಸ್ವಂತ ಕಾಲುಗಳಿದ್ದುದರಿಂದ. 2022ರ ಆಗಸ್ಟ್ 7ರಂದು ಇಸ್ರೊದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ 356 ಕಿಲೋಮೀಟರಿನ ವೃತ್ತಕ್ಕೆ ಬದಲಾಗಿ 76 ಕಿಲೋಮೀಟರಿನಷ್ಟು ಕೆಳಗಿಳಿಯುವ ಕಕ್ಷೆಯಲ್ಲಿ ಬಿಡಲ್ಪಟ್ಟ ಎರಡು ಉಪಗ್ರಹಗಳಿಗೆ ಯಾವ ಬದಲಿ ದಾರಿಯೂ ಉಳಿಯಲಿಲ್ಲ.

ಈ ಪ್ರಶ್ನೆ ಈಗ ಬೆಂಗಳೂರಿನ ಅಂಗಳಕ್ಕೇ ಬಂದಿದೆ. 2025ರ ಆಗಸ್ಟ್‌ನಲ್ಲಿ ಇನ್-ಸ್ಪೇಸ್ ಸಂಸ್ಥೆಯು ಬೆಂಗಳೂರಿನ ಪಿಕ್ಸೆಲ್ ಮುಂದಾಳತ್ವದ ಕೂಟವನ್ನು ಭೂ ವೀಕ್ಷಣೆಯ ಸ್ವದೇಶಿ ಪುಂಜಕ್ಕೆ ಆರಿಸಿತು: 12 ಉಪಗ್ರಹಗಳು, 1,200 ಕೋಟಿ ರೂಪಾಯಿಗೂ ಮಿಗಿಲಾದ ಹೂಡಿಕೆ, ಕ್ಯಾಮೆರಾಗಳೂ ಇವೆ, ಮೋಡದಾಚೆಗೂ ನೋಡುವ ರೇಡಾರ್ ಕೂಡ ಇದೆ. ಮಳೆಗಾಲವಿಡೀ ಮೋಡ ಹೊದ್ದಿರುವ ಮಲೆನಾಡಿನಂಥ ನಾಡಿಗೆ ರೇಡಾರ್ ಬೇಕೇ ಬೇಕು. ಆದರೆ ವಿದ್ಯುತ್ತಿನ ಹಸಿವಿರುವ ರೇಡಾರ್ ಉಪಗ್ರಹಗಳನ್ನು ಸಾಮಾನ್ಯವಾಗಿ ಸೂರ್ಯ ಸದಾ ಫಲಕದ ಮೇಲಿರುವಂತೆ ಬೆಳಗಿನ ಆರು, ಸಂಜೆಯ ಆರರ ಕಕ್ಷೆಯಲ್ಲಿ ಇಡುತ್ತಾರೆ; ಇಸ್ರೊದ ರಿಸ್ಯಾಟ್-1 ಹಾಗೇ ಇತ್ತು. ಕ್ಯಾಮೆರಾಗಳಿಗೆ ಹಿತವಾದದ್ದು ಹತ್ತೂವರೆಯ ಬೆಳಕು. ನಡುವಿನ ನಾಲ್ಕೂವರೆ ಗಂಟೆ ಎಂದರೆ ಕಕ್ಷಾತಲಗಳಲ್ಲಿ 67.5 ಡಿಗ್ರಿ. ಎತ್ತರದಲ್ಲಿ 50 ಕಿಲೋಮೀಟರ್ ವ್ಯತ್ಯಾಸ ಮಾಡಿ ಭೂಮಿಯ ಉಬ್ಬು ಅಷ್ಟು ದೂರ ಸರಿಸಲಿ ಎಂದು ಕಾದರೆ ಏಳು ವರ್ಷ ದಾಟುತ್ತದೆ, ಸಣ್ಣ ಉಪಗ್ರಹದ ಆಯುಸ್ಸು ಅದಕ್ಕೆ ಮೊದಲೇ ಮುಗಿಯಬಹುದು. ಹನ್ನೆರಡು ಎಂಬ ಸಂಖ್ಯೆ ಹೀಗೆ ಎರಡು ಗುಂಪುಗಳಾಗಿ ಒಡೆದರೆ ಒಂದು ಗುಂಪು ಇನ್ನೊಂದಕ್ಕೆ ಬದಲಿಯಾಗಿ ನಿಲ್ಲಲಾರದು. ರೇಡಾರ್ ಗುಂಪಿನಲ್ಲಿ ಒಂದು ಜುಲೈ ತಿಂಗಳಿನಲ್ಲಿ ಕೆಟ್ಟರೆ ಅದರ ಜಾಗಕ್ಕೆ ಯಾವುದು ಸರಿಯಬೇಕು, ಸರಿಯಲು ಎಷ್ಟು ಇಂಧನ ಇಟ್ಟಿದೆ, ಮೀಸಲು ಉಪಗ್ರಹ ಮೇಲಿರಬೇಕೇ ಉಗ್ರಾಣದಲ್ಲಿರಬೇಕೇ ಎಂಬುದು ಬಿಡಿಭಾಗಗಳ ಖರೀದಿಗೆ ಮುನ್ನವೇ ಇತ್ಯರ್ಥವಾಗಬೇಕಾದ ವಿಷಯ.